ಬಕೆಟ್, ಚೆಂಡು, ಮರಳು: ಪುಟ್ಟ ಮಕ್ಕಳ ಹೊರಾಂಗಣ ಆಟವನ್ನು ನಾನು ಅಣಿಗೊಳಿಸುವ ಬಗೆ

ಒಂದರಿಂದ ಮೂರು ವರ್ಷದೊಳಗಿನ ಮಕ್ಕಳ ಶಿಶುಪಾಲನಾ ಕೇಂದ್ರದಲ್ಲಿ ಹೊರಾಂಗಣದ ಹೊಣೆ ನನ್ನದು. ಅಂಗಳದಲ್ಲಿ ಯಾವ ಆಟಿಕೆಗಳನ್ನು ಇಡಬೇಕೆಂಬುದನ್ನು ನಾನು ಒಂದೇ ಒಂದು ಪ್ರಶ್ನೆಯಿಂದ ತೀರ್ಮಾನಿಸುತ್ತೇನೆ: ಈ ಮಗು ಈಗ ಯಾವ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿದೆ?

ಈ ವಯಸ್ಸಿನ ಆಟದಲ್ಲಿ ದೊಡ್ಡವರಿಗೆ ಬೇಸರ ತರಿಸುವಷ್ಟು ಪುನರಾವರ್ತನೆ ಇರುತ್ತದೆ. ಒಂದು ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತದೆ. ಇನ್ನೊಂದು ಏನನ್ನಾದರೂ ತುಂಬಿಕೊಂಡು ಅಂಗಳದ ಒಂದು ಮೂಲೆಯಿಂದ ಮತ್ತೊಂದಕ್ಕೆ ಸಾಗಿಸುತ್ತಲೇ ಇರುತ್ತದೆ. ಮತ್ತೊಂದಕ್ಕೆ ಎಲ್ಲವನ್ನೂ ಮುಚ್ಚುವುದು, ತೆರೆಯುವುದು, ಪುನಃ ಮುಚ್ಚುವುದೇ ಕೆಲಸ. ಶಿಶುಶಿಕ್ಷಣದಲ್ಲಿ ಇಂಥ ವರ್ತನೆಯ ಮಾದರಿಗಳನ್ನು ‘ಸ್ಕೀಮಾ’ ಎನ್ನುತ್ತಾರೆ. ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆಯವರ ಚಿಂತನೆಯಲ್ಲಿದ್ದ ಈ ಪರಿಕಲ್ಪನೆಯನ್ನು ಬ್ರಿಟನ್ನಿನ ಶಿಕ್ಷಣತಜ್ಞೆ ಕ್ರಿಸ್ ಆಥಿ ಅವರು ಎಳೆಯ ಮಕ್ಕಳ ಆಟವನ್ನು ಅರ್ಥಮಾಡಿಕೊಳ್ಳಲು ಬೆಳೆಸಿದರು. ಎಸೆಯುವ ಮಗುವನ್ನು ತುಂಟ ಎಂದು ಗದರಿಸುವ ಬದಲು ಎಸೆಯಬಹುದಾದ ವಸ್ತುವನ್ನು ಕೊಟ್ಟರೆ ಅದೇ ಹಂಬಲ ಕಲಿಕೆಯಾಗುತ್ತದೆ ಎಂಬ ನನ್ನ ನಂಬಿಕೆಗೆ ಈ ವಿಚಾರವೇ ಆಧಾರ.

ಎಸೆಯುವ ಮಕ್ಕಳಿಗಾಗಿ ನಾನು ಬೇರೆ ಬೇರೆ ಗಾತ್ರದ ಮೆತ್ತನೆಯ ಚೆಂಡುಗಳನ್ನೂ ಒಂದು ಅಗಲವಾದ ಬುಟ್ಟಿಯನ್ನೂ ಸ್ವಲ್ಪ ಇಳಿಜಾರಾದ ಜಾಗದಲ್ಲಿ ಇಡುತ್ತೇನೆ. ದೊಡ್ಡ ಚೆಂಡನ್ನು ಎತ್ತಲು ಎರಡೂ ತೋಳುಗಳು ಬೇಕು; ಅದು ಕಾಲನ್ನು ಮರೆಮಾಡುವುದರಿಂದ ಹೆಜ್ಜೆಯನ್ನು ಅಂದಾಜಿನ ಮೇಲೆ ಇಡಬೇಕಾಗುತ್ತದೆ. ಚೆಂಡು ಉರುಳಿ ಪೊದೆಯ ಹಿಂದೆ ಮರೆಯಾದಾಗ, ಚಿಕ್ಕ ಮಗು ಅದು ಮರೆಯಾದ ಕಡೆಯಲ್ಲೇ ನಿಂತು ನೋಡುತ್ತದೆ. ಸ್ವಲ್ಪ ದೊಡ್ಡದು ಪೊದೆಯನ್ನು ಸುತ್ತಿಕೊಂಡು ಆಚೆ ಬದಿಗೆ ಹೋಗಿ ಕಾಯುತ್ತದೆ. ಕಣ್ಣಿಗೆ ಕಾಣದ ವಸ್ತುವಿನ ದಾರಿಯನ್ನು ಮನಸ್ಸಿನಲ್ಲಿ ಊಹಿಸುವ ಆ ಸಾಮರ್ಥ್ಯವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಆಟಿಕೆಯನ್ನು ನಾನು ಇನ್ನೊಂದು ಕಂಡಿಲ್ಲ.

ಸಾಗಿಸುವ ಮಕ್ಕಳಿಗೆ ಹಿಡಿಕೆಯಿರುವ ಪುಟ್ಟ ಬಕೆಟ್ ಸಾಕು. ಮರಳು ತುಂಬಿದ ಬಕೆಟ್ಟನ್ನು ಹುಲ್ಲು, ಮಣ್ಣು, ಜಲ್ಲಿಯ ಮೇಲೆ ಹಾಯಿಸಿಕೊಂಡು ಹೋಗುವಾಗ ಮೈಯ ತೂಕ ಒಂದು ಬದಿಗೆ ವಾಲುತ್ತದೆ, ಮಗು ಇನ್ನೊಂದು ಬದಿಗೆ ಬಾಗಿ ಸರಿದೂಗಿಸುತ್ತದೆ. ಸ್ನಾಯು ಮತ್ತು ಕೀಲುಗಳಿಂದ ಮೆದುಳಿಗೆ ಹೋಗುವ ಸಂವೇದನೆ ಹಾಗೂ ಒಳಗಿವಿಯ ಸಮತೋಲನ ವ್ಯವಸ್ಥೆ ಒಟ್ಟಾಗಿ ದುಡಿಯುತ್ತವೆ. ದಾರಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಚೆಲ್ಲಿದ್ದನ್ನು ತುಂಬಿ ಏಳುವುದೂ ಕಾಲುಗಳಿಗೆ ಒಳ್ಳೆಯ ವ್ಯಾಯಾಮವೇ. ಬೀಳುವುದನ್ನು ಕಂಡು ಗಾಬರಿಯಾಗುವ ಪೋಷಕರಿಗೆ ನಾನು 2012ರಲ್ಲಿ ಕ್ಯಾರೆನ್ ಅಡಾಲ್ಫ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನವನ್ನು ನೆನಪಿಸುತ್ತೇನೆ: 12ರಿಂದ 19 ತಿಂಗಳ ಮಕ್ಕಳು ಸ್ವಚ್ಛಂದವಾಗಿ ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟು, 17 ಬಾರಿ ಬಿದ್ದಿದ್ದರು. ಅದು ಒಳಾಂಗಣದ ಲೆಕ್ಕ. ಮೆತ್ತನೆಯ ನೆಲದ ಮೇಲೆ ಬಿದ್ದು ಏಳುವುದು ನಡಿಗೆ ಕಲಿಯುವುದರ ಭಾಗವೇ ಆದ್ದರಿಂದ, ಮಗು ತಾನಾಗಿ ಏಳುತ್ತಿದ್ದರೆ ನಾನು ಓಡಿಹೋಗಿ ಎತ್ತುವುದಿಲ್ಲ.

ಸುರಿಯುವ ಆಟಕ್ಕೆ ಲೋಟ, ಸೌಟು, ಜರಡಿ, ಆಲಿಕೆ, ನೀರು, ಮರಳು. ಮಣಿಕಟ್ಟನ್ನು ಎಷ್ಟು ತಿರುಗಿಸಿದರೆ ನೀರು ಲೋಟದೊಳಗೆ ಬೀಳುತ್ತದೆ, ಎಷ್ಟಾದರೆ ಹೊರಗೆ ಚೆಲ್ಲುತ್ತದೆ ಎಂಬುದನ್ನು ಮಗು ಹತ್ತಾರು ಸಲ ಮಾಡಿಯೇ ಕಂಡುಕೊಳ್ಳುತ್ತದೆ. ಒಣ ಮರಳು ಜರಡಿಯಿಂದ ಇಳಿಯುತ್ತದೆ, ಒದ್ದೆ ಮರಳು ನಿಲ್ಲುತ್ತದೆ. ಈ ವ್ಯತ್ಯಾಸ ಗೊತ್ತಾದ ಮೇಲೆ ಕೆಲವು ಮಕ್ಕಳು ತಾವೇ ನೀರು ತಂದು ಸುರಿಯತೊಡಗುತ್ತಾರೆ. ಬಟ್ಟೆ ಕೊಳೆಯಾಗುವುದು ಖಚಿತ, ಅದಕ್ಕೆ ಒಂದು ಜೊತೆ ಹೆಚ್ಚಿಗೆ ತರಿಸಿಟ್ಟುಕೊಳ್ಳುವುದಲ್ಲದೆ ಬೇರೆ ಉಪಾಯವಿಲ್ಲ.

ಬ್ಯಾಟರಿಯಿಂದ ಹಾಡುವ, ಮಿನುಗುವ ಆಟಿಕೆಗಳನ್ನು ನಾನು ಹೊರಗೆ ತರುವುದಿಲ್ಲ. 2016ರಲ್ಲಿ ಆನಾ ಸೋಸಾ ಅವರು 10ರಿಂದ 16 ತಿಂಗಳ ಶಿಶುಗಳ ಮೇಲೆ ನಡೆಸಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಇಂಥ ಆಟಿಕೆಗಳು ಜೊತೆಗಿದ್ದಾಗ ಪುಸ್ತಕ ಅಥವಾ ಸಾಂಪ್ರದಾಯಿಕ ಆಟಿಕೆಗಳಿದ್ದಾಗಿನದಕ್ಕಿಂತ ಪೋಷಕರು ಕಡಿಮೆ ಮಾತನಾಡಿದ್ದು ಕಂಡುಬಂದಿತ್ತು. ಬಕೆಟ್ ಏನನ್ನೂ ಹೇಳುವುದಿಲ್ಲವಾದ್ದರಿಂದ ಮಾತು ನಮ್ಮಿಂದಲೇ ಬರಬೇಕು. ನಾನು ಮಗುವಿನ ಎತ್ತರಕ್ಕೆ ಕೂತು, ಅದು ಮಾಡಿದ್ದಕ್ಕೆ ಮಾತ್ರ ಮಾತು ಸೇರಿಸುತ್ತೇನೆ: “ತುಂಬಿತು”, “ಚೆಲ್ಲಿತು”, “ಭಾರ ಇದೆಯಾ?” ಆಮೇಲೆ ಸುಮ್ಮನಿರುತ್ತೇನೆ. ಆ ಬಿಡುವಿನಲ್ಲಿಯೇ ಮಗುವಿನ ಉತ್ತರ, ಕೆಲವೊಮ್ಮೆ ಬರೀ ಒಂದು ಉದ್ಗಾರವಾಗಿ, ಬರುತ್ತದೆ.

ವಸ್ತುಗಳ ಸಂಖ್ಯೆಯಲ್ಲಿ ನಾನು ಜಿಪುಣ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 16 ಆಟಿಕೆಗಳಿದ್ದಾಗಿನದಕ್ಕಿಂತ 4 ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಗಳಲ್ಲಿ ಆಡಿದ್ದರು. ನಾನೂ ಕೆಲವೇ ಬಗೆಯ ವಸ್ತುಗಳನ್ನು ಇಡುತ್ತೇನೆ, ಆದರೆ ಒಂದೊಂದು ಬಗೆಯಲ್ಲೂ ಹಲವನ್ನು ಇಡುತ್ತೇನೆ. ಎರಡು ವರ್ಷದ ಮಕ್ಕಳು ಜೊತೆಯಾಗಿ ಆಡುವುದಕ್ಕಿಂತ ಪಕ್ಕಪಕ್ಕದಲ್ಲಿ ಆಡುವುದೇ ಹೆಚ್ಚು. ಒಂದೇ ಕೆಂಪು ಬಕೆಟ್ ಇಟ್ಟು ಹಂಚಿಕೊಳ್ಳಿ ಎಂದು ಉಪದೇಶಿಸಿದರೆ ಉಳಿಯುವುದು ಅಳು ಮಾತ್ರ.

ಸುರಕ್ಷತೆಯಲ್ಲಿ ಮಾತ್ರ ಸಡಿಲಿಕೆಯಿಲ್ಲ. ಅಮೆರಿಕದಲ್ಲಿ ಮೂರು ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸುವ ಕೊಳವೆಯ ವ್ಯಾಸ 3.17 ಸೆಂಟಿಮೀಟರ್, ಅದರೊಳಗೆ ಪೂರ್ತಿ ಹಿಡಿಯುವ ಚೂರು ಉಸಿರುಗಟ್ಟಿಸಬಲ್ಲದು. ಗುಂಡಗಿನ ವಸ್ತು ಗಂಟಲಿಗೆ ಇನ್ನೂ ಅಪಾಯಕಾರಿಯಾದ್ದರಿಂದ ಚೆಂಡುಗಳನ್ನು ಅದಕ್ಕಿಂತ ಬಹಳ ದೊಡ್ಡದನ್ನೇ ಆರಿಸುತ್ತೇನೆ. ಎಳೆಯುವ ಗಾಡಿಯ ದಾರ ಕುತ್ತಿಗೆಗೆ ಸುತ್ತದಷ್ಟು ಗಿಡ್ಡವಾಗಿರಬೇಕು. ನೀರಿನ ಬಳಿ ಒಬ್ಬ ದೊಡ್ಡವರು ಕೈಗೆಟುಕುವ ದೂರದಲ್ಲಿಯೇ ಇರುತ್ತಾರೆ, ಆಟ ಮುಗಿದ ತಕ್ಷಣ ಪಾತ್ರೆಗಳನ್ನು ಬರಿದು ಮಾಡಿ ಬೋರಲು ಹಾಕುತ್ತೇವೆ. ಕೆಲವೇ ಸೆಂಟಿಮೀಟರ್ ನೀರು ಕೂಡ ಈ ವಯಸ್ಸಿಗೆ ಮಾರಕ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನದುದ್ದಕ್ಕೂ ಹರಡಿದಂತೆ ಕನಿಷ್ಠ 180 ನಿಮಿಷಗಳ ದೈಹಿಕ ಚಟುವಟಿಕೆಯನ್ನು ಹೇಳುತ್ತದೆ. ಒಂದೇ ದೀರ್ಘ ಅವಧಿಗಿಂತ ಬೆಳಿಗ್ಗೆ ಮತ್ತು ಸಂಜೆ ಬಿಡಿಬಿಡಿಯಾಗಿ ಹೊರಬಿಡುವುದು ನಮಗೆ ಒಗ್ಗಿದೆ. ಪ್ರತಿ ಅವಧಿಯ ಕೊನೆಗೆ ವಸ್ತುಗಳನ್ನು ಒಳಗೆ ಸಾಗಿಸುವ ಕೆಲಸವನ್ನು ಮಕ್ಕಳಿಗೇ ಬಿಡುತ್ತೇನೆ. ಸಾಗಿಸುವ ಗೀಳಿನಲ್ಲಿರುವವರು ಹೇಳುವ ಮೊದಲೇ ಶುರುಮಾಡುತ್ತಾರೆ, ಎಸೆಯುವವರ ಮುಂದೆ ಬುಟ್ಟಿಯನ್ನು ಹಿಡಿದರೆ ಚೆಂಡುಗಳೆಲ್ಲ ಅದರೊಳಗೆ ಸೇರುತ್ತವೆ.