ಇದು ಎಲ್ಲಿಂದ ಬಂತು?

2025ರ ಮೇ 13ಕ್ಕೆ ಸಿಬಿಎಸ್‌ಇ ಹನ್ನೆರಡನೇ ಕ್ಲಾಸಿನ ರಿಸಲ್ಟ್ ಬಂತು. ಗಣಿತದಲ್ಲಿ ನನಗೆ 52. ಥಿಯರಿಯಲ್ಲಿ 80ಕ್ಕೆ 33, ಶಾಲೆಯವರೇ ಕೊಡುವ ಇಂಟರ್ನಲ್‌ನಲ್ಲಿ 20ಕ್ಕೆ 19. ಪಾಸಂತೂ ಆಗಿದ್ದೆ. ಆದರೆ ಐದು ವಿಷಯ ಸೇರಿ 500ಕ್ಕೆ 362, ಅಂದರೆ 72.4 ಪರ್ಸೆಂಟ್. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್ ಮೂಲಕ ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಾಲೇಜಾದ ಎನ್‌ಐಟಿ ಸೇರಬೇಕಾದರೆ ಜನರಲ್‌ನವರಿಗೆ ಹನ್ನೆರಡರಲ್ಲಿ 75 ಪರ್ಸೆಂಟ್ ಬೇಕು. ಇಲ್ಲವೇ ಬೋರ್ಡಿನ ಟಾಪ್ 20 ಪರ್ಸೆಂಟೈಲ್‌ನಲ್ಲಿ ಇರಬೇಕು, ಅದು ನನಗೆ ದೂರದ ಮಾತು. ಒಂದು ವರ್ಷ ಡ್ರಾಪ್ ಮಾಡಿ ಮತ್ತೆ ಜೆಇಇ ಬರೆಯೋದು ಅಂತ ಮನೆಯಲ್ಲಿ ಮೊದಲೇ ಮಾತಾಗಿತ್ತು. ಜೆಇಇ ಚೆನ್ನಾಗಿ ಆಗಿಯೂ ಈ 13 ಮಾರ್ಕ್ಸಿಗೆ ಸೀಟು ತಪ್ಪಿದರೆ ಯಾರ ಮುಂದೆ ಅಳೋದು?

ಜಾಸ್ತಿ ಚುಚ್ಚಿದ್ದು ಬೇರೆಯದು. ಎರಡು ವರ್ಷ ದುಡ್ಡು ಕೊಟ್ಟು ಕ್ಲಾಸಿಗೆ ಹೋಗಿದ್ದೇ ಗಣಿತಕ್ಕೆ. ಇಂಗ್ಲಿಷಿಗೆ ಒಂದು ದಿನವೂ ಹೆಚ್ಚಿಗೆ ಕೂತಿರಲಿಲ್ಲ, ಅಲ್ಲಿ 88.

ನಾವು ಗದಗಿನ ಕಡೆಯವರು, ಇರೋದು ಪುಣೆಯ ಖಡಕಿಯಲ್ಲಿ. ಗಣಿತವನ್ನು ಮತ್ತೆ ಬರೆಯಬಹುದಾ ಅಂತ ಕೇಳೋಕೆ ಮಾರನೇ ದಿನವೇ ಶಾಲೆಯ ಆಫೀಸಿಗೆ ಹೋದೆ. ‘ಜುಲೈ ಪರೀಕ್ಷೆ ಫೇಲ್ ಆದವರಿಗೆ ಮಾತ್ರ, ನೀನು ಮುಂದಿನ ವರ್ಷ ಪ್ರೈವೇಟ್ ಆಗಿ ಕೂಡು’ ಅಂದುಬಿಟ್ಟರು. ನಾನು ನಂಬಿ ಮನೆಗೆ ಬಂದೆ. ಅಪ್ಪ ಬೋರ್ಡಿನ ನೋಟಿಸು ಹುಡುಕಿ ಓದಿದರು. ಪಾಸಾದವರೂ ಅದೇ ವರ್ಷ ಜುಲೈನಲ್ಲಿ ಒಂದು ವಿಷಯವನ್ನು ಇಂಪ್ರೂವ್‌ಮೆಂಟಿಗೆ, ಅಂದರೆ ಮಾರ್ಕ್ಸ್ ಹೆಚ್ಚಿಸಿಕೊಳ್ಳೋಕೆ, ಬರೆಯಬಹುದು. ಹನ್ನೆರಡರವರಿಗೆ ಒಂದೇ ವಿಷಯ. ಎರಡು ಸಲದಲ್ಲಿ ಯಾವುದು ಜಾಸ್ತಿಯೋ ಅದೇ ಲೆಕ್ಕಕ್ಕೆ. ಇಂಟರ್ನಲ್ ಮಾರ್ಕ್ಸ್ ಹಳೆಯದೇ ಉಳಿಯುತ್ತದೆ. ರೆಗ್ಯುಲರ್ ವಿದ್ಯಾರ್ಥಿಗಳ ಹೆಸರನ್ನು ಶಾಲೆಯವರೇ ಕಳಿಸಬೇಕು. ಅದಕ್ಕೇ ನೋಟಿಸಿನ ಪ್ರಿಂಟ್ ಹಿಡಿದು ಮತ್ತೆ ಅದೇ ಕಿಟಕಿಯ ಮುಂದೆ ನಿಂತೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ‘ಹೋ ಕಾ?’ (ಹೌದಾ?) ಅಂದು ಹೆಸರು ಬರೆದುಕೊಂಡರು. ನೀವೂ ಬಾಯಿಮಾತು ನಂಬಬೇಡಿ. ಕಾಗದ ಹಿಡಿದುಕೊಂಡೇ ಹೋಗಿ.

ಓದೋಕೆ ಕೂಡುವ ಮೊದಲು ನಾನು ಮಾಡಿದ ಒಳ್ಳೆ ಕೆಲಸ ಅಂದರೆ 700 ರೂಪಾಯಿ ಕಟ್ಟಿ ಉತ್ತರಪತ್ರಿಕೆಯ ಕಾಪಿ ತರಿಸಿದ್ದು. ಪೇಪರ್ ತಿದ್ದಿದವರು ಮಾರ್ಕ್ಸ್ ತಪ್ಪು ಕೊಟ್ಟಿದ್ದಾರೆ ಅಂತಲೇ ಅಂದುಕೊಂಡಿದ್ದೆ. ಕಾಪಿ ನೋಡಿದ ಮೇಲೆ ಬಾಯಿ ಬಂದ್. ಸೈನ್, ಕಾಸ್ ಇರುವ ಒಂದು ಡೆಫಿನಿಟ್ ಇಂಟಿಗ್ರಲ್ ಇತ್ತು, 3 ಮಾರ್ಕ್ಸಿನದು. ಅಂಥದ್ದನ್ನು ಜೆಇಇ ಕ್ಲಾಸಿನಲ್ಲಿ ನೋಡಿದ ಕೂಡಲೇ ಮುಗಿಸುತ್ತೇವೆ: ಮೇಲಿನ ಮಿತಿಯಿಂದ ಕೆಳಗಿನದನ್ನು ಕಳೆ, ಎರಡರಿಂದ ಭಾಗಿಸು, ಪೈ ಬೈ 4. ನಾನು ಅಷ್ಟನ್ನೇ ಬರೆದಿದ್ದೆ. ಎರಡು ಸಾಲು. ಉತ್ತರ ಸರಿ, ಮಾರ್ಕ್ಸ್ 1. ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲಿ (ಕೊಟ್ಟ ಮಿತಿಯೊಳಗೆ ಅತಿ ಹೆಚ್ಚು ಅಥವಾ ಅತಿ ಕಡಿಮೆ ಎಷ್ಟು ಅಂತ ಹುಡುಕುವ ಲೆಕ್ಕ) ಗ್ರಾಫ್ ಹಾಕಿ, ಉತ್ತರ ಬರೆದು, ಮೂಲೆಯ ಬಿಂದುಗಳ ಟೇಬಲ್ಲೇ ಹಾಕಿರಲಿಲ್ಲ. ಇಡೀ ಪತ್ರಿಕೆ ಹಾಗೇ. ನನಗೆ ಗೊತ್ತಿದ್ದ ಲೆಕ್ಕಗಳಲ್ಲೇ ಜಾಸ್ತಿ ಮಾರ್ಕ್ಸ್ ಹೋಗಿತ್ತು.

ಜೆಇಇ ಕ್ಲಾಸಿನಲ್ಲಿ ಎರಡು ವರ್ಷ ಬರೀ ಸರಿಯಾದ ಆಪ್ಷನ್ನಿಗೆ ಟಿಕ್ ಹಾಕಿದ ಕೈ ಅದು. ಬರೆಯೋದನ್ನೇ ಮರೆತಿತ್ತು.

ಇಲ್ಲಿ ಕೆಳಗಿನ ಮನೆ ಕಾಕಾ ಬರುತ್ತಾರೆ. ಖಡಕಿಯ ಆಮ್ಯುನಿಷನ್ ಫ್ಯಾಕ್ಟರಿಯ ಸ್ಟೋರಿನಲ್ಲಿ ರಿಜಿಸ್ಟರ್ ಬರೆದು ರಿಟೈರ್ ಆದವರು. ಕ್ಯಾಲ್ಕುಲಸ್ ಅಂದರೆ ಏನು ಅಂತ ಅವರಿಗೆ ಗೊತ್ತಿಲ್ಲ. ಸುಮ್ನೆ ಚಹಾಕ್ಕೆ ಬಂದವರು ನನ್ನ ನೋಟ್‌ಬುಕ್ ನೋಡಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಮ್ಯಾಲಿನ ಸಾಲಿನ್ಯಾಗ ಇದು ಇರಲಿಲ್ಲಲ್ಲ. ಎಲ್ಲಿಂದ ಬಂತವಾ?’ ಅಂದರು. ನಾನು ಬಾಯಲ್ಲಿ ವಿವರಿಸಿದೆ. ‘ಹಂಗಂದ್ರ ಅದನ್ನ ಬರಿ. ನೀ ಪೇಪರಿನ ಬಾಜೂ ಕೂಡತಿ ಏನು?’

ಮರುದಿನದಿಂದ ಅದೇ ರೂಢಿ ಆಯಿತು. ಸಂಜೆ ಐದು ದೊಡ್ಡ ಲೆಕ್ಕ ಬರೆದು ಕೆಳಗೆ ಒಯ್ಯುವುದು. ಕಾಕಾ ಎಲ್ಲಿ ‘ಎಲ್ಲಿಂದ ಬಂತು’ ಅನ್ನುತ್ತಾರೋ ಅಲ್ಲಿ ಒಂದು ಹೆಜ್ಜೆ ಕಮ್ಮಿ ಅಂತ ಅರ್ಥ. ಗಣಿತ ಬಲ್ಲವರಾಗಿದ್ದರೆ ಆ ಹೆಜ್ಜೆಯನ್ನು ಅವರೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಿದ್ದರು. ಗೊತ್ತಿಲ್ಲದ್ದೇ ಒಳ್ಳೆಯದಾಯಿತು ನೋಡಿ. ಆಮೇಲೆ ಯಾವ ಹೆಜ್ಜೆಗೆ ಎಷ್ಟು ಮಾರ್ಕ್ಸ್ ಅಂತ ಹೇಳುವ ಬೋರ್ಡಿನ ಮಾರ್ಕಿಂಗ್ ಸ್ಕೀಮ್ ಇಳಿಸಿಕೊಂಡು ನೋಡಿದರೆ, ಅರ್ಧರ್ಧ ಮಾರ್ಕ್ಸ್ ಇರುತ್ತಿದ್ದದ್ದು ಹೆಚ್ಚುಕಡಿಮೆ ಕಾಕಾ ಬೆರಳಿಟ್ಟ ಜಾಗಗಳಲ್ಲೇ.

ಸಂಖ್ಯೆಗಳನ್ನು ಅಡ್ಡಸಾಲು, ಕಂಬಸಾಲಿನಲ್ಲಿ ಜೋಡಿಸುವ ಮ್ಯಾಟ್ರಿಕ್ಸ್‌ನದು ಬೇರೆ ರೋಗ. ಮೂರು ಸಮೀಕರಣ ಕೊಟ್ಟು ಇನ್ವರ್ಸ್‌ನಿಂದ ಬಿಡಿಸು ಅನ್ನುವ 5 ಮಾರ್ಕ್ಸಿನ ಪ್ರಶ್ನೆಯಲ್ಲಿ ನನ್ನ ಪ್ಲಸ್ ಮೈನಸ್ ಯಾವಾಗಲೂ ತಪ್ಪುತ್ತಿತ್ತು. ಅದಕ್ಕೆ ತಾಳೆ ನೋಡುವ ಒಂದು ದಾರಿ ಇಟ್ಟುಕೊಂಡೆ. ಸಾಲುಗಳು 2, –3, 5. 3, 2, –4. 1, 1, –2 ಅಂತಿರಲಿ. ಇನ್ವರ್ಸ್ ತೆಗೆಯೋಕೆ ಪ್ರತಿ ಸಂಖ್ಯೆಗೂ ಒಂದೊಂದು ಕೋಫ್ಯಾಕ್ಟರ್ ಲೆಕ್ಕ ಹಾಕಬೇಕು. ಮೊದಲ ಸಾಲಿನವು 0, 2, 1. ಇವನ್ನು ಎರಡನೇ ಸಾಲಿನ ಜೊತೆ ಗುಣಿಸಿ ಕೂಡಿಸಿ: 3×0 + 2×2 + (–4)×1. ಸೊನ್ನೆ ಬಂತು, ಅಲ್ವಾ? ಬೇರೆ ಸಾಲಿನ ಜೊತೆ ಯಾವಾಗಲೂ ಸೊನ್ನೆಯೇ ಬರಬೇಕು. ನಡುವಿನ 2ಕ್ಕೆ ನಾನು –2 ಬರೆದಿದ್ದರೆ –8 ಬರುತ್ತಿತ್ತು, ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಹತ್ತು ಸೆಕೆಂಡಿನ ಕೆಲಸ. ಇದನ್ನು ನನಗೆ ಯಾರೂ ಮೊದಲು ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ. ಹೇಳಿದ್ದರೂ ನಾನು ಆಪ್ಷನ್ ನೋಡುತ್ತಿದ್ದೆ ಅನ್ನಿ.

ಉಳಿದ ಓದು ಸಾದಾ. 80ರಲ್ಲಿ ಕ್ಯಾಲ್ಕುಲಸ್ ಒಂದಕ್ಕೇ 35, ವೆಕ್ಟರ್ ಮತ್ತು 3ಡಿ ಸೇರಿ 14, ಆಲ್ಜಿಬ್ರಾ 10, ಪ್ರಾಬಬಿಲಿಟಿ 8, ರಿಲೇಷನ್ಸ್ ಫಂಕ್ಷನ್ಸ್ 8, ಲೀನಿಯರ್ ಪ್ರೋಗ್ರಾಮಿಂಗ್ 5. ನಾನು ಎನ್‌ಸಿಇಆರ್‌ಟಿ ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕ ಮುಟ್ಟಲಿಲ್ಲ. ಜೂನ್ ಮೂರನೇ ವಾರ ಪಂಢರಪುರಕ್ಕೆ ಹೋಗುವ ಪಾಲಕಿ (ಪಲ್ಲಕ್ಕಿ) ಪುಣೆಗೆ ಬಂದಾಗ ಅಜ್ಜಿಯನ್ನು ದರ್ಶನಕ್ಕೆ ಕರಕೊಂಡು ಹೋಗಿ ಒಂದು ದಿನ ಪೂರ್ತಿ ಹೋಯಿತು. ಬೇಜಾರಿಲ್ಲ.

ಜುಲೈ 15ಕ್ಕೆ ಪರೀಕ್ಷೆ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಒದ್ದೆ ಸಾಕ್ಸಿನಲ್ಲೇ ಕೂತೆ. ಹತ್ತೂಕಾಲಿಗೆ ಪತ್ರಿಕೆ ಕೊಟ್ಟು ಹದಿನೈದು ನಿಮಿಷ ಓದೋಕೆ ಬಿಡುತ್ತಾರೆ. ಮಾರ್ಚ್‌ನಲ್ಲಿ ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ಒಂದು ಮಾರ್ಕಿನ ಪ್ರಶ್ನೆಗಳನ್ನು ಬಿಡಿಸುತ್ತಾ ಕೂತಿದ್ದೆ. ಈ ಸಲ 5 ಮಾರ್ಕ್ಸಿನ ನಾಲ್ಕನ್ನೂ ಓದಿ, ಯಾವ ಆಯ್ಕೆ ಬರೆಯೋದು ಅಂತ ನಿರ್ಧರಿಸಿ, ಮೊದಲು ಅವನ್ನೇ ಬರೆದೆ. ಟಿಕ್ ಹಾಕುವುದು ಕೊನೆಗೆ. ಅದಂತೂ ಕೈಗೆ ರೂಢಿ ಇತ್ತಲ್ಲ, ಇಪ್ಪತ್ತು ನಿಮಿಷದಲ್ಲಿ ಆಯಿತು. ಆದರೆ ಒಂದು ಕೇಸ್ ಸ್ಟಡಿ, ಅಂದರೆ ಸನ್ನಿವೇಶ ಕೊಟ್ಟು ಕೇಳುವ ಪ್ರಶ್ನೆ, ಅರ್ಧಕ್ಕೇ ನಿಂತಿತು. ಎಲ್ಲಾ ಹೆಜ್ಜೆ ಬರೆಯೋಕೆ ಹೋದರೆ ಮೂರು ಗಂಟೆ ಕಡಿಮೆಯೇ.

ಆಗಸ್ಟ್ 1ಕ್ಕೆ ರಿಸಲ್ಟ್. ಥಿಯರಿ 58, ಹಳೆಯ 19 ಸೇರಿ 77. ಒಟ್ಟು 387, ಅಂದರೆ 77.4 ಪರ್ಸೆಂಟ್. ಅಪ್ಪ ಪೇಢೆ ತಂದರು. ನಾನೇ ಒಂದು ತಟ್ಟೆಯಲ್ಲಿ ಹಾಕಿಕೊಂಡು ಕೆಳಗೆ ಹೋಗಿ ಕಾಕಾನಿಗೆ ಮೊಬೈಲ್ ತೋರಿಸಿದೆ. ಅವರು ಒಂದು ಪೇಢೆ ಬಾಯಿಗೆ ಹಾಕಿಕೊಂಡು, 58ರ ಮೇಲೆ ಬೆರಳಿಟ್ಟರು.

‘ಚಲೋ ಆತು. ಉಳಿದ 22 ಎಲ್ಲಿ ಹೋದವವಾ?’

ಮೇಲೆ ಬಂದು ಅಪ್ಪನಿಗೆ ಹೇಳಿದೆ. ಅವರು ಇನ್ನೊಂದು 700 ರೂಪಾಯಿ ನೆನಪಾದವರ ಹಾಗೆ ಮುಖ ಮಾಡಿದರು.