ಡೀಬಗ್‌ಗೆ ಹೌದು–ಇಲ್ಲ ಸಾಕಾಗಲ್ಲ

ಮಲ್ಪೆಯ ಕೆಲವು ಬೋಟ್ ಮಾಲೀಕರ ಲೆಕ್ಕ ಪೈಥಾನ್ ಸ್ಕ್ರಿಪ್ಟ್‌ಗಳಲ್ಲಿ ನಡೆಯುತ್ತದೆ. ಡೀಸೆಲ್, ಐಸ್, ಹರಾಜಿನ ದರ, ತಂಡೇಲ (ಬೋಟ್ ನಡೆಸುವವನು) ಮತ್ತು ಕಲಾಸಿಗಳ (ಬೋಟಿನ ಕೆಲಸಗಾರರು) ಪಾಲು, ಎಲ್ಲಾ ಅದರಲ್ಲೇ. ಅವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ. ಆ 61 ದಿನ ಗಡಿಬಿಡಿ ಇರುವುದಿಲ್ಲ. ಕೋಡ್ ಬಿಚ್ಚಿ ನೋಡಲು ಅದೇ ಸರಿಯಾದ ಹೊತ್ತು.

ಈ ಮಳೆಗಾಲ ಡೀಬಗ್ ಫ್ಲ್ಯಾಗ್‌ಗಳಿಗೆ, ಅಂದರೆ ತಪ್ಪು ಹುಡುಕಲು ಒಳಗಿನ ವಿವರ ತೋರಿಸುವ ಸ್ವಿಚ್‌ಗಳಿಗೆ, ಕೈ ಹಾಕಿದೆ. ಪ್ರತಿ ಫೈಲಿನ ಮೇಲ್ತುದಿಯಲ್ಲಿ ಟ್ರೂ (ಹೌದು) ಅಥವಾ ಫಾಲ್ಸ್ (ಇಲ್ಲ) ಅಂತ ಒಂದು ಸಾಲು, ಹೌದು ಅಂದರೆ ವಿವರ ತೋರಿಸುವ ಪ್ರಿಂಟ್ ಸಾಲುಗಳು ಕೆಳಗೆಲ್ಲ. ಚಿಕ್ಕ ಸ್ಕ್ರಿಪ್ಟಿಗೆ ಅಷ್ಟು ಸಾಕು. ಆದರೆ ನೋಡಬೇಕೆಂದಾಗಲೆಲ್ಲ ಕೋಡನ್ನೇ ತಿದ್ದಬೇಕಲ್ವಾ?

ಹಾಗಾಗಿ ಫ್ಲ್ಯಾಗನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ, ಅಂದರೆ ಸ್ಕ್ರಿಪ್ಟ್ ಓಡಿಸುವಾಗ ಹೊರಗಿನಿಂದ ಕೊಡುವ ಮೌಲ್ಯಕ್ಕೆ, ತಂದೆ. ಅಲ್ಲಿಂದ ಬರುವುದೆಲ್ಲ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಸೊನ್ನೆ ಕೊಟ್ಟರೂ, ಫಾಲ್ಸ್ ಅಂತ ಬರೆದರೂ ಅದು ಖಾಲಿಯಲ್ಲದ ಸ್ಟ್ರಿಂಗ್. ನೇರವಾಗಿ ಇಫ್‌ಗೆ (ಷರತ್ತು ನೋಡುವ ಸಾಲಿಗೆ) ಹಾಕಿದರೆ ಪೈಥಾನ್‌ಗೆ ಅದು ಟ್ರೂ. ಅದಕ್ಕೇ ಹೌದು–ಇಲ್ಲ ಕೇಳುವುದನ್ನೇ ಬಿಟ್ಟೆ. 'ಯಾವ ಭಾಗ ನೋಡಬೇಕು?' ಅಂತ ಕೇಳುವ ಹಾಗೆ ಮಾಡಿದೆ. ಅಲ್ಪವಿರಾಮ ಹಾಕಿ ಭಾಗಗಳ ಹೆಸರು ಕೊಡಬೇಕು: ಹರಾಜು, ಹೆಸರು, ಪಾಲು. ಖಾಲಿ ಬಿಟ್ಟರೆ ಯಾವುದೂ ಇಲ್ಲ.

ಉಳಿದದ್ದನ್ನು ಪೈಥಾನ್‌ನ ಲಾಗಿಂಗ್ ಮಾಡ್ಯೂಲ್ (ಸಂದೇಶ ಬರೆಯುವ ಸಿದ್ಧ ಕೋಡ್) ನೋಡಿಕೊಳ್ಳುತ್ತದೆ. 2003ರ 2.3 ಆವೃತ್ತಿಯಿಂದಲೂ ಅದು ಜೊತೆಗೇ ಬರುತ್ತದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಸಂದೇಶಗಳಿಗೆ ಮಟ್ಟಗಳಿವೆ: ಡೀಬಗ್ 10, ಇನ್ಫೋ 20, ವಾರ್ನಿಂಗ್ 30. ಪ್ರತಿ ಭಾಗಕ್ಕೂ ಒಂದು ಲಾಗರ್, ತನ್ನ ಮಟ್ಟಕ್ಕಿಂತ ಕೆಳಗಿನ ಸಂದೇಶವನ್ನು ಅದು ಬಿಡುವುದಿಲ್ಲ. ಮೂಲ ಲಾಗರ್ 30ರಲ್ಲೇ ಇರುತ್ತದೆ, ನಾನು ಹೆಸರಿಸಿದ್ದು ಮಾತ್ರ 10ಕ್ಕೆ ಇಳಿಯುತ್ತದೆ.

ಇದರ ಉಪಯೋಗ ಗೊತ್ತಾಗುವುದು ಮೀನಿನ ಹೆಸರಲ್ಲಿ. ಒಬ್ಬರ ಚೀಟಿಯಲ್ಲಿ ಬೂತಾಯಿ, ಕುಂದಾಪುರ ಕಡೆಯವರ ಚೀಟಿಯಲ್ಲಿ ಬೈಗೆ. ಎರಡೂ ಒಂದೇ ಮೀನು, ಒಂದೇ ಖಾತೆಗೆ ಹೋಗಬೇಕು. ಈಗ 'ಹೆಸರು' ಅಂತಷ್ಟೇ ಕೊಟ್ಟರೆ, ಯಾವ ಚೀಟಿಯ ಯಾವ ಹೆಸರು ಎಲ್ಲಿಗೆ ಹೊಂದಿತು ಅನ್ನುವುದು ಮಾತ್ರ ಸಾಲಾಗಿ ಬರುತ್ತದೆ. ಡೀಸೆಲ್, ಐಸ್ ನಡುವೆ ಬರುವುದಿಲ್ಲ.

ಒಂದು ವಿಷಯ ಗಮನಿಸಿ. ಲಾಗರ್ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಪೈಥಾನ್ ದೂರುವುದಿಲ್ಲ, ಸುಮ್ನೆ ಆ ಹೆಸರಿನ ಹೊಸ ಲಾಗರ್ ಮಾಡಿಕೊಡುತ್ತದೆ. ಬೇಕಾದ ವಿವರ ಬರುವುದೇ ಇಲ್ಲ, ನೀವು ಪರದೆ ನೋಡುತ್ತಾ ಕೂರಬೇಕು. ಅದಕ್ಕೇ ಗೊತ್ತಿರುವ ಹೆಸರುಗಳ ಪಟ್ಟಿ ಇಟ್ಟಿದ್ದೇನೆ. ಅದರಲ್ಲಿ ಇಲ್ಲದ್ದು ಬಂದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ.

ಪಾಲಿನ ಮೊತ್ತ ತಾಳೆಯಾಗುತ್ತದೆಯೇ ಎಂಬ ಪರೀಕ್ಷೆಯನ್ನು ಮಾತ್ರ ಯಾವ ಫ್ಲ್ಯಾಗಿಗೂ ಕಟ್ಟಿಲ್ಲ. ಅಸರ್ಟ್‌ನಲ್ಲೂ (ಷರತ್ತು ತಪ್ಪಿದರೆ ಸ್ಕ್ರಿಪ್ಟ್ ನಿಲ್ಲಿಸುವ ಸಾಲು) ಇಟ್ಟಿಲ್ಲ, ಯಾಕೆಂದರೆ ಪೈಥಾನನ್ನು ಮೈನಸ್ ಓ (-O) ಆಯ್ಕೆ ಹಾಕಿ ಓಡಿಸಿದರೆ ಅಸರ್ಟ್‌ಗಳೆಲ್ಲ ಮಾಯ. ಅದು ಕಲಾಸಿಗಳ ದುಡ್ಡು. ಆ ಪರೀಕ್ಷೆ ಸಾದಾ ಇಫ್‌ನಲ್ಲಿದೆ, ಪ್ರತಿ ಸಲವೂ ಓಡುತ್ತದೆ.