ಹಾಡಿನ ಒಳಮಾತು ಹಿಡಿಯುವುದು ಹೇಗೆ?

ಸಕಲೇಶಪುರದಲ್ಲಿ ಸಂಜೆ ಹೊತ್ತು ಹತ್ತನೇ ಕ್ಲಾಸಿನ ಮಕ್ಕಳಿಗೆ ಕನ್ನಡ ಟ್ಯೂಷನ್ ಮಾಡುತ್ತೇನೆ. ಅಲಂಕಾರ ಅಂದ ಕೂಡಲೇ ಮಕ್ಕಳು ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ಅಂತ ಗಿಣಿಪಾಠ ಒಪ್ಪಿಸುತ್ತಾರೆ. 'ಅಂತೆ', 'ಹಾಗೆ' ಕಂಡರೆ ಉಪಮೆ. ಮಾರ್ಕ್ಸಿಗೆ ಅಷ್ಟು ಸಾಕು, ಹಾಡಿಗೆ ಸಾಲದು. ಅಲಂಕಾರದ ಹೆಸರು ಆಮೇಲೆ ನೋಡೋಣ, ಮೊದಲು ಹಾಡಿನಲ್ಲಿ ಬರುವ ವಸ್ತು ಎಂಥದ್ದು ಅಂತ ತಿಳಿದುಕೊಳ್ಳಿ ಅನ್ನುತ್ತೇನೆ.

ಶಿಶುನಾಳ ಷರೀಫರ 'ಸೋರುತಿಹುದು ಮನೆಯ ಮಾಳಿಗಿ' ತೆಗೆದುಕೊಳ್ಳಿ. ಸಿ. ಅಶ್ವಥ್ ದನಿಯಲ್ಲಿ ಕೇಳದವರು ಕಡಿಮೆ. ಮನೆ ಯಾಕೆ ಸೋರುತ್ತಿದೆ ಅಂತ ಕೇಳಿದರೆ ನಮ್ಮ ಮಕ್ಕಳ ಉತ್ತರ ರೆಡಿ: "ಮಂಗ ಹೆಂಚು ಸರಿಸಿರಬೇಕು ಸಾರ್." ಮಲೆನಾಡಿನವರಿಗೆ ಇನ್ನೇನು ಹೊಳೆಯುತ್ತೆ, ಅಲ್ವಾ? ಆದರೆ ಶಿಶುನಾಳ ಇರುವುದು ಹಾವೇರಿ ಜಿಲ್ಲೆಯಲ್ಲಿ. ಆ ಕಡೆಯ ಹಳೇ ಮಾಳಿಗೆ ಮನೆಗೆ ಹೆಂಚಿಲ್ಲ. ತೊಲೆ, ಜಂತಿ ಕೂರಿಸಿ ಮೇಲೆ ಮಣ್ಣು ಹಾಕಿದ ಚಪ್ಪಟೆ ಸೂರು. ಅದನ್ನು ಆಗಾಗ ಹತ್ತಿ ನೋಡುತ್ತಿರಬೇಕು. ಬಿಟ್ಟರೆ ಹುಲ್ಲು ಬೇರು ಇಳಿಸುತ್ತದೆ, ಇರುವೆ ಮಣ್ಣು ಕೊರೆಯುತ್ತದೆ, ಅದೇ ದಾರಿಯಲ್ಲಿ ನೀರು ಒಳಗೆ ಬರುತ್ತದೆ. ಮುರುಕು ತೊಲೆ, ಹುಳುಕು ಜಂತಿ, ಕರಕಿ ಹುಲ್ಲು ಎಲ್ಲ ಹಾಡಿನಲ್ಲೇ ಇವೆ.

ಹೆಂಚಿನ ಮನೆ ಸೋರಿದರೆ ಮಂಗನನ್ನು ಬೈದು ಸುಮ್ಮನಾಗಬಹುದು. ಮಣ್ಣಿನ ಮಾಳಿಗೆ ಸೋರಿದರೆ ಯಾರನ್ನು ಬೈಯೋದು? ನೋಡಿಕೊಳ್ಳದೆ ಬಿಟ್ಟವನು ಮನೆಯವನೇ.

ಇನ್ನು ಹಾಡಿನ ಮೇಲ್ನೋಟದ ಅರ್ಥಕ್ಕೆ ಹೊಂದದ ಮಾತು ಹುಡುಕಿ. ಮನೆ ಮಳೆಗೆ ಸೋರಬೇಕು. ಷರೀಫರು 'ಅಜ್ಞಾನದಿಂದ' ಅನ್ನುತ್ತಾರೆ. ಇರುವೆಯೂ ಬರೀ ಇರುವೆಯಲ್ಲ, 'ದುರಿತಭವದ ಇರುವೆ', ಅಂದರೆ ಪಾಪ ತುಂಬಿದ ಬಾಳಿನ ಇರುವೆ. ಸುಳಿವು ಇರುವುದೇ ಇಂಥ ಕಡೆ. ಮನೆ ಅಂದರೆ ಈ ಮೈ, ಈ ಮನಸ್ಸು ಅಂತ ಹೊಳೆದ ಮೇಲೆ ತೊಲೆ, ಜಂತಿ, ಹುಲ್ಲು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ಸಿನಿಮಾ ಹಾಡಿನಲ್ಲಿ ಮಳೆ ಬಂದರೆ ಅದು ಯಾರ ಮೇಲೆ, ಯಾವಾಗ ಬಿತ್ತು ಅಂತ ಕೇಳಿ. ನಮ್ಮ ಕಾಫಿ ತೋಟದವರಿಗೆ ಗಿಡದಲ್ಲಿ ಹೂ ಅರಳಿಸುವ ಮಾರ್ಚ್-ಏಪ್ರಿಲ್‌ನ ಹೂಮಳೆ ಭಾಗ್ಯ. ಡಿಸೆಂಬರ್‌ನಲ್ಲಿ ಕಣದ ತುಂಬ ಕಾಫಿ ಹರಡಿದಾಗ ಅದೇ ಮಳೆ ಶನಿ. 2006ರ 'ಮುಂಗಾರು ಮಳೆ'ಯ ಶೂಟಿಂಗ್ ನಮ್ಮ ಸಕಲೇಶಪುರದ ಸುತ್ತಮುತ್ತಲೂ ನಡೆದಿತ್ತು. ಅದರಲ್ಲಿ ನಾಯಕ ಮಳೆಯನ್ನೇ ಮಾತಾಡಿಸುತ್ತಾನೆ, 'ಏನು ನಿನ್ನ ಹನಿಗಳ ಲೀಲೆ' ಅಂತ. ಪ್ರೀತಿಗೆ ಬಿದ್ದವನಿಗೆ ಮಳೆಯೂ ಬೇಕಂತಲೇ ಆಟ ಆಡಿಸಿದ ಹಾಗೆ ಕಾಣುತ್ತೆ.

ಹಾಗಂತ ಪ್ರತಿ ಹನಿಗೂ ಅರ್ಥ ಹಚ್ಚಬೇಡಿ. ಸಿನಿಮಾದಲ್ಲಿ ಎಷ್ಟೋ ಸಲ ಮೊದಲು ಟ್ಯೂನ್, ಆಮೇಲೆ ಸಾಹಿತ್ಯ. ಕೆಲವು ಪದ ಜಾಗ ತುಂಬಲು ಬಂದಿರುತ್ತವೆ, ಅವನ್ನು ಬಿಟ್ಟುಬಿಡಿ.

ಲೆಕ್ಕ ಕಂಡರೆ ಮಾತ್ರ ಬಿಡಬೇಡಿ. ಪುರಂದರದಾಸರ 'ಅಂಬಿಗ ನಾ ನಿನ್ನ ನಂಬಿದೆ'ಯಲ್ಲಿ ಹರಿಗೋಲಿಗೆ ಒಂಬತ್ತು ತೂತು. ಕಣ್ಣು, ಕಿವಿ, ಮೂಗು, ಬಾಯಿ ಅಂತ ಎಣಿಸಿ. ಏಳಾಯಿತು, ಉಳಿದ ಎರಡು ನಿಮಗೇ ಗೊತ್ತು. ಮುಂದೆ ಹೊಳೆಯಲ್ಲಿ ಆರು ತೆರೆ ಏಳುತ್ತವೆ. ಅದನ್ನು ನೀವೇ ಬಿಡಿಸಿ, ಕಾಮ, ಕ್ರೋಧದಿಂದ ಶುರು ಮಾಡಿ.